ಮೀಟರ್ ಇಲ್ಲ ಅಂದ್ರೆ ಮಿತಿ ಇಲ್ಲ ಅಂತಲ್ಲ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಮನೇಲಿ ಮಾತಾಡೋ ಭಾಷೆ ಆಗಿತ್ತೇ ಹೊರತು ಬರೆಯೋ ಭಾಷೆ ಆಗಿರಲಿಲ್ಲ. ಅದಕ್ಕೇ ಈ ಬಳಗಕ್ಕೆ ಸೇರಿದ್ದು. ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ಲೆಕ್ಕ ತಪ್ಪಿದ್ದರೆ ಮಾತ್ರ ಕ್ಷಮಿಸಬೇಡಿ, ಯಾಕಂದ್ರೆ ಈ ಲೇಖನ ಇರೋದೇ ಲೆಕ್ಕದ ಬಗ್ಗೆ.

ಕಳೆದ ತಿಂಗಳ ಮೀಟಿಂಗ್ ನಿಮಗೆ ನೆನಪಿರಬಹುದು. ನಾವೆಲ್ಲ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ತಾತಂದಿರ ಹತ್ತಿರ ಕೂತು ರೆಕಾರ್ಡ್ ಮಾಡಿಕೊಂಡು ಬಂದ ಹಾಡು, ಕಥೆ, ಒಗಟುಗಳನ್ನೆಲ್ಲ ಒಂದು ಕಡೆ ಇಡಬೇಕು, ಅದಕ್ಕೆ ನಮ್ಮದೇ ಸರ್ವರ್ ಬೇಕು ಅನ್ನೋ ಮಾತು ಬಂತು. ಫೈನಲ್ ಇಯರ್ ಅಣ್ಣ ಒಬ್ಬರು ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿ, "ಡೆಡಿಕೇಟೆಡ್ ಸರ್ವರ್, ಅನ್‌ಮೀಟರ್ಡ್ ಬ್ಯಾಂಡ್‌ವಿಡ್ತ್. ಎಷ್ಟು ಜನ ಬಂದ್ರೂ ತೊಂದ್ರೆ ಇಲ್ಲ" ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕೈ ಎತ್ತಿದೆ. ಎತ್ತಿದ ಮೇಲೆ ಏನು ಹೇಳಬೇಕು ಅಂತ ಕನ್ನಡದಲ್ಲಿ ಹೊಳೀಲಿಲ್ಲ, ಇಂಗ್ಲಿಷ್‌ನಲ್ಲಿ ಹೇಳೋಕೆ ನಾಚಿಕೆ ಆಯ್ತು. ಸುಮ್ಮನೆ ಕೂತೆ. ಅವತ್ತು ಹೇಳಬೇಕಾಗಿದ್ದನ್ನ ಇವತ್ತು ಬರೀತಿದ್ದೀನಿ.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಅಂದ್ರೆ, ನಮ್ಮ ಮನೆಯಲ್ಲೇ ಇದರಿಂದ ಒಂದು ವರ್ಷದ ದುಡ್ಡು ಹೋಗಿದೆ.

ನಮ್ಮ ದೊಡ್ಡಪ್ಪನ ಮಗ ಹುಣಸೂರಿನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡ್ತಾರೆ. ಗಣಿತ, ಭೌತಶಾಸ್ತ್ರ ಎರಡೂ ಕನ್ನಡದಲ್ಲೇ ವಿವರಿಸ್ತಾರೆ. ಕೊರೋನಾ ಕಾಲದಲ್ಲಿ ಕರಿಹಲಗೆ ಮುಂದೆ ಮೊಬೈಲ್ ನಿಲ್ಲಿಸಿ ಪಾಠ ರೆಕಾರ್ಡ್ ಮಾಡೋಕೆ ಶುರು ಮಾಡಿದವರು, ಆಮೇಲೂ ಬಿಡಲಿಲ್ಲ. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳು, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ದಿನಾ ಬಸ್ಸಲ್ಲಿ ಬಂದು ಹೋಗೋಕೆ ಆಗದ ಮಕ್ಕಳು ಆ ವೀಡಿಯೊ ನೋಡೋರು. ಯೂಟ್ಯೂಬ್‌ನಲ್ಲಿ ಹಾಕಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ನಾನೂ ಕೇಳಿದೆ. "ಒಂದ್ ಪಾಠ ನೋಡಕ್ಕೋಗಿ ಹತ್ತು ರೀಲ್ಸ್ ನೋಡ್ಕೊಂಡ್ ಬತ್ತವೆ ಕಣ್ಲಾ. ಪಕ್ಕದಲ್ಲಿ ಬೇರೆ ಏನೂ ಕಾಣ್ಬಾರ್ದು" ಅಂದ್ರು. ಅದಕ್ಕೇ ಸ್ವಂತ ವೆಬ್‌ಸೈಟ್, ಸ್ವಂತ ಸರ್ವರ್.

ದೊಡ್ಡಪ್ಪ ಹೊಗೆಸೊಪ್ಪು ಮಾರಿ ಬಂದ ದುಡ್ಡಲ್ಲಿ ಅಣ್ಣನಿಗೆ ಸ್ವಲ್ಪ ಕೊಟ್ಟರು. ಅಣ್ಣ ತಿಂಗಳಿಗೆ 6,500 ರೂಪಾಯಿಯ ಒಂದು ಡೆಡಿಕೇಟೆಡ್ ಸರ್ವರ್ ತಗೊಂಡ್ರು. ಅಂದ್ರೆ ಒಂದು ಇಡೀ ಕಂಪ್ಯೂಟರ್ ನಮಗೊಬ್ಬರಿಗೇ ಬಾಡಿಗೆಗೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ "ಅನ್‌ಮೀಟರ್ಡ್" ಅಂತ ಇತ್ತು. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಲೂ ಇತ್ತು. ಕಟ್ಟಿದರು. ಅದೇ ಪುಟದ ನಾಲ್ಕನೇ ಸಾಲಿನಲ್ಲಿ ಸಣ್ಣಗೆ "ಪೋರ್ಟ್: 100 ಎಂಬಿಪಿಎಸ್" ಅಂತ ಬರೆದಿತ್ತು. ಅದನ್ನೂ ಅಣ್ಣ ಓದಿದ್ದರು. ಓದಿ, "ನಮ್ಮನೆ ಲೈನೇ 40. ಇದು 100. ಸಾಕಲ್ವಾ?" ಅಂದುಕೊಂಡರು.

ಈ ಒಂದು ತಪ್ಪನ್ನ ನಾವೆಲ್ಲರೂ ಮಾಡ್ತೀವಿ. ಮನೆಯ 40 ಒಂದು ಮನೆಗೆ. ಸರ್ವರ್‌ನ 100 ಬರೋ ಎಲ್ಲರಿಗೂ ಸೇರಿ.

ಪರೀಕ್ಷೆ ಹತ್ತಿರ ಬಂತು. ರಾತ್ರಿ ಎಂಟು ಗಂಟೆ, ಊಟ ಮುಗಿಸಿ ಎಲ್ಲ ಮಕ್ಕಳೂ ಒಟ್ಟಿಗೆ ಪಾಠ ತೆಗೀತಿದ್ದರು. ಸುಮಾರು 250 ಮಕ್ಕಳು. ವೀಡಿಯೊ ಸುತ್ತೋಕೆ ಶುರುವಾಯ್ತು. ಬೆಳಿಗ್ಗೆ ನೋಡಿದರೆ ನೀರು ಹರಿದ ಹಾಗೆ ಓಡುತ್ತೆ, ರಾತ್ರಿ ಎಂಟಕ್ಕೆ ನಿಂತುಬಿಡುತ್ತೆ. ಪಿರಿಯಾಪಟ್ಟಣದ ಕಡೆಯ ಒಂದು ಹುಡುಗಿ ಅಣ್ಣನಿಗೆ ಫೋನ್ ಮಾಡಿ, "ಸಾರ್, ನಮ್ ನೆಟ್ಟೇ ಸರಿ ಇಲ್ವೇನೋ ಅಂತ ಅಪ್ಪನ ಹತ್ರ ಇನ್ನೊಂದ್ ಸಲ ರೀಚಾರ್ಜ್ ಮಾಡಿಸ್ದೆ. ಆದ್ರೂ ಸುತ್ತುತ್ತಾನೇ ಐತೆ" ಅಂದಳಂತೆ. ಅಣ್ಣ ಇದನ್ನ ನನಗೆ ಹೇಳುವಾಗ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ತಪ್ಪು ನಮ್ಮ ಸರ್ವರ್‌ದು, ದಂಡ ಕಟ್ಟಿದ್ದು ಆ ಮಗುವಿನ ಅಪ್ಪ.

ಕಂಪನಿಗೆ ಮೇಲ್ ಬರೆದರೆ, ನಿಮ್ಮ ಸರ್ವರ್ ಸರಿಯಾಗಿಯೇ ಇದೆ, ನೀವು ಎಷ್ಟು ಬಳಸಿದರೂ ನಾವು ಹೆಚ್ಚಿಗೆ ಹಣ ಕೇಳಿಲ್ಲವಲ್ಲ ಅಂತ ಉತ್ತರ ಬಂತು. ಯಾವ ಕಂಪನಿ ಅಂತ ಇಲ್ಲಿ ಹೇಳಲ್ಲ. ಯಾಕಂದ್ರೆ ಅವರು ಸುಳ್ಳು ಹೇಳಿರಲಿಲ್ಲ. ನಮಗೆ ಆ ಪದ ಅರ್ಥ ಆಗಿರಲಿಲ್ಲ, ಅಷ್ಟೇ.

ಆ ಪದದ ಅರ್ಥ ನಿಜವಾಗಿ ನಮ್ಮ ನಾಲ್ಕು ತಾಲ್ಲೂಕಿನ ಪ್ರತಿ ರೈತನಿಗೂ ಗೊತ್ತು. ನಮ್ಮ ದೊಡ್ಡಪ್ಪನ ಬೋರ್‌ವೆಲ್ ಹತ್ತಿರ ಹೋಗಿ ನೋಡಿ. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಹುಪಾಲು ಪಂಪ್‌ಸೆಟ್‌ಗೆ ಮೀಟರೇ ಇಲ್ಲ. ಹಾಗಂತ ಎಷ್ಟು ಬೇಕಾದ್ರೂ ನೀರು ಎತ್ತಬಹುದಾ? ತ್ರೀ ಫೇಸ್ ಬರೋದು ದಿನಕ್ಕೆ ಏಳು ಗಂಟೆ ಲೆಕ್ಕ. ಅದೂ ಪಾಳಿ ಪ್ರಕಾರ. ಕೆಲವು ಸಲ ರಾತ್ರಿ ಪಾಳಿ. ನಾಗರಹೊಳೆ ಕಾಡಂಚಿನ ಊರಿನವರು ಆನೆ ಭಯದಲ್ಲಿ ಟಾರ್ಚ್ ಹಿಡಿದು ಮೋಟ್ರು ಹಾಕೋಕೆ ಹೋಗ್ತಾರೆ. ಐದು ಎಚ್‌ಪಿ ಮೋಟ್ರು ಐದು ಎಚ್‌ಪಿಯಷ್ಟೇ ಎತ್ತುತ್ತೆ. ಪೈಪು ಎರಡೂವರೆ ಇಂಚಿದ್ದರೆ ಎರಡೂವರೆ ಇಂಚಿನಷ್ಟೇ ನೀರು. ಮೀಟರ್ ಇಲ್ಲ, ಆದರೆ ಮಿತಿ ಇದೆ. ಮಿತಿ ಬಿಲ್ಲಿನಲ್ಲಿ ಇಲ್ಲ, ಪೈಪಿನಲ್ಲಿದೆ.

ಅನ್‌ಮೀಟರ್ಡ್ ಬ್ಯಾಂಡ್‌ವಿಡ್ತ್ ಅಂದ್ರೂ ಅಷ್ಟೇ. ತಿಂಗಳಿಗೆ ಎಷ್ಟು ಡೇಟಾ ಹರಿಯಿತು ಅಂತ ನಾವು ಎಣಿಸೋಲ್ಲ, ಅದಕ್ಕೆ ಬಿಲ್ ಹಾಕೋಲ್ಲ ಅಂತ ಮಾತ್ರ ಕಂಪನಿ ಹೇಳ್ತಿದೆ. ಒಂದು ಸೆಕೆಂಡಿಗೆ ಎಷ್ಟು ಹರಿಯಬಹುದು ಅನ್ನೋದನ್ನ ಪೋರ್ಟ್ ನಿರ್ಧರಿಸುತ್ತೆ. ಮೊದಲನೆಯದು ಬೆಲೆಯ ಮಾತು. ಎರಡನೆಯದು ವೇಗದ ಮಾತು. ಜಾಹೀರಾತು ಬೆಲೆಯ ಮಾತನ್ನ ವೇಗದ ಮಾತಿನ ಹಾಗೆ ಕೇಳಿಸುತ್ತೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಪೇಪರ್ ಸಾಕು, ಕ್ಯಾಲ್ಕುಲಸ್ ಬೇಡ.

100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 12.5 ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್. ಹಗಲು ರಾತ್ರಿ ಪೂರ್ತಿ ತುಂಬಿ ಹರಿದರೆ ದಿನಕ್ಕೆ 1.08 ಟೆರಾಬೈಟ್, 30 ದಿನಕ್ಕೆ 32.4 ಟೆರಾಬೈಟ್. ಅನ್‌ಮೀಟರ್ಡ್ ಅನ್ನೋ ಪದದ ಹಿಂದೆ ಅಡಗಿರೋ ಮೀಟರ್ ಇದೇ. 100 ಎಂಬಿಪಿಎಸ್ ಪೋರ್ಟ್ ಇದ್ದವನು ಏನೇ ಮಾಡಿದರೂ ತಿಂಗಳಿಗೆ 32.4 ಟಿಬಿಗಿಂತ ಹೆಚ್ಚು ಕಳಿಸೋಕೆ ಆಗೋಲ್ಲ. ಕಂಪನಿಗೂ ಇದು ಗೊತ್ತು. ಅದಕ್ಕೇ ಅವರು ಧೈರ್ಯವಾಗಿ ಮೀಟರ್ ತೆಗೆದಿರೋದು.

ಅಣ್ಣನಿಗೆ ಬೇಕಾಗಿದ್ದು ಎಷ್ಟು? ಅವರ ವೀಡಿಯೊ 1 ಎಂಬಿಪಿಎಸ್‌ನದು. ಒಂದು ಮಗು ದಿನಕ್ಕೆ 40 ನಿಮಿಷದ ಪಾಠ ನೋಡಿದರೆ 2,400 ಸೆಕೆಂಡ್, ಅಂದ್ರೆ 2,400 ಮೆಗಾಬಿಟ್, ಅಂದ್ರೆ 300 ಎಂಬಿ. 250 ಮಕ್ಕಳಿಗೆ ದಿನಕ್ಕೆ 75 ಜಿಬಿ. ತಿಂಗಳಿಗೆ 2.25 ಟಿಬಿ. ಇದ್ದ 32.4ರಲ್ಲಿ ಬರೀ 2.25. ಕಾಗದದ ಮೇಲೆ ನೋಡಿದರೆ ಸರ್ವರ್ ನಿದ್ದೆ ಮಾಡ್ತಿತ್ತು!

ಆದರೆ ರಾತ್ರಿ ಎಂಟಕ್ಕೆ ನೋಡಿ. 250 ಮಕ್ಕಳು, ತಲಾ 1 ಎಂಬಿಪಿಎಸ್, ಒಟ್ಟು 250 ಎಂಬಿಪಿಎಸ್ ಬೇಕು. ಇರೋದು 100. ಒಬ್ಬೊಬ್ಬರಿಗೆ 0.4 ಬಂತು. ವೀಡಿಯೊ ಕೇಳೋದು 1. ಸುತ್ತದೆ ಇನ್ನೇನು ಮಾಡುತ್ತೆ? ತಿಂಗಳ ಲೆಕ್ಕದಲ್ಲಿ ಹದಿನಾಲ್ಕು ಪಟ್ಟು ಹೆಚ್ಚಿದ್ದದ್ದು, ಗಂಟೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಕಮ್ಮಿ ಆಯ್ತು.

ನನ್ನ ವಾದ ಇಷ್ಟೇ: ಸರ್ವರ್ ಆರಿಸುವಾಗ ತಿಂಗಳನ್ನ ನೋಡಬೇಡಿ, ಅತಿ ಜನ ಬರೋ ಆ ಒಂದು ಗಂಟೆಯನ್ನ ನೋಡಿ. ಮದುವೆ ಮನೆಯಲ್ಲಿ ಛತ್ರ ಎಷ್ಟು ದೊಡ್ಡದು ಅಂತ ನೋಡೋಲ್ಲ, ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತೆ ಅಂತ ನೋಡ್ತೀವಲ್ಲ, ಹಾಗೆ.

ಅಣ್ಣನಿಗೆ ಅದೇ ದುಡ್ಡಿಗೆ ಬೇರೆ ದಾರಿ ಇತ್ತಾ? ಇತ್ತು. ಮೀಟರ್ ಇರೋ ಪ್ಲಾನ್. ಮೀಟರ್ ಅಂದ ಕೂಡಲೇ ನಮಗೆ ಭಯ. ಆದರೆ ಗೃಹಜ್ಯೋತಿ ನೆನಪು ಮಾಡಿಕೊಳ್ಳಿ. ಅಲ್ಲಿ ಮೀಟರ್ ಇದೆ. ಯೋಜನೆ ಶುರುವಾದಾಗಿನ ನಿಯಮದ ಪ್ರಕಾರ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10. ಅಷ್ಟರೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಮಿಕ್ಸಿ, ಟಿವಿ, ಫ್ಯಾನು ಒಟ್ಟಿಗೆ ಹಾಕೋಕೆ ಯಾರೂ ಅಡ್ಡಿ ಮಾಡೋಲ್ಲ. ಎಣಿಸೋದು ತಿಂಗಳ ಒಟ್ಟು ಬಳಕೆಯನ್ನ. ಮೀಟರ್ ಇರೋ ಸರ್ವರ್ ಪ್ಲಾನ್ ಕೂಡ ಹೀಗೇ. "1 ಜಿಬಿಪಿಎಸ್ ಪೋರ್ಟ್, ತಿಂಗಳಿಗೆ 5 ಟಿಬಿ" ಅಂತ ಇರುತ್ತೆ. ಪೋರ್ಟ್ ಹತ್ತು ಪಟ್ಟು ದಪ್ಪ, ಒಟ್ಟು ಬಳಕೆಗೆ ಮಿತಿ. ಅಣ್ಣನ 250 ಎಂಬಿಪಿಎಸ್ ಅದರಲ್ಲಿ ಆರಾಮಾಗಿ ಹರಿಯುತ್ತಿತ್ತು, 2.25 ಟಿಬಿ 5ರೊಳಗೇ ಮುಗಿಯುತ್ತಿತ್ತು. ಮೀಟರ್ ಇಲ್ಲದ್ದು ನಮ್ಮನ್ನ ಕೆಡಿಸ್ತು, ಮೀಟರ್ ಇದ್ದದ್ದು ಉಳಿಸ್ತಿತ್ತು.

ಮೂರನೆಯ ಒಂದು ಲೆಕ್ಕವೂ ಇದೆ. ನಮ್ಮ ನೆಟ್‌ವರ್ಕ್ಸ್ ಪುಸ್ತಕದಲ್ಲಿ ಬರೋಲ್ಲ, ಆದರೆ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಬಹಳ ಬಳಕೆಯಲ್ಲಿದೆ. 95ನೇ ಪರ್ಸೆಂಟೈಲ್ ಬಿಲ್ಲಿಂಗ್ ಅಂತಾರೆ. ಐದೈದು ನಿಮಿಷಕ್ಕೆ ಒಮ್ಮೆ ವೇಗ ಅಳೀತಾರೆ. 30 ದಿನಕ್ಕೆ 8,640 ಅಳತೆ. ಅದನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಶೇಕಡ 5, ಅಂದ್ರೆ 432 ಅಳತೆ ಬಿಸಾಕ್ತಾರೆ. ಉಳಿದದ್ದರಲ್ಲಿ ಮೇಲಿನದಕ್ಕೆ ಬಿಲ್. 432 ಅಳತೆ ಅಂದ್ರೆ 36 ಗಂಟೆ. ಅಣ್ಣನ ನೂಕುನುಗ್ಗಲು ದಿನಕ್ಕೆ ಒಂದೇ ಗಂಟೆ, ತಿಂಗಳಿಗೆ 30 ಗಂಟೆ. ಅದು ಪೂರ್ತಿ ಆ ಬಿಸಾಕೋ ಭಾಗಕ್ಕೇ ಹೋಗುತ್ತಿತ್ತು! ಇದನ್ನ ನಾನು ಲೆಕ್ಕ ಹಾಕಿ ತೋರಿಸಿದಾಗ ಅಣ್ಣ ತಲೆ ಮೇಲೆ ಕೈ ಇಟ್ಟುಕೊಂಡರು.

ಹಾಗಾದ್ರೆ ಅನ್‌ಮೀಟರ್ಡ್ ಮೋಸನಾ? ಅಲ್ಲ. ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ಯಾರಾದರೂ ಕನ್ನಡ ಇಂಟರ್ನೆಟ್ ರೇಡಿಯೊ ಮಾಡಿ, 64 ಕೆಬಿಪಿಎಸ್‌ನಲ್ಲಿ ಹಗಲು ರಾತ್ರಿ 500 ಜನ ಕೇಳ್ತಾರೆ ಅಂದುಕೊಳ್ಳಿ. ಒಟ್ಟು 32 ಎಂಬಿಪಿಎಸ್. 100ರ ಪೋರ್ಟ್‌ನಲ್ಲಿ ಧಾರಾಳ. ಆದರೆ ಅದು ನಿಲ್ಲದೆ ಹರಿಯೋದರಿಂದ ತಿಂಗಳಿಗೆ 10 ಟಿಬಿ ದಾಟುತ್ತೆ. 5 ಟಿಬಿ ಪ್ಲಾನ್ ತಗೊಂಡಿದ್ದರೆ ತಿಂಗಳ ಅರ್ಧದಲ್ಲೇ ದಂಡ. ಅವರಿಗೆ ಅನ್‌ಮೀಟರ್ಡ್ ಹೇಳಿ ಮಾಡಿಸಿದ್ದು. ಸಣ್ಣಗೆ, ಸಮನಾಗಿ, ಸದಾ ಹರಿಯೋದಕ್ಕೆ ಮೀಟರ್ ಇಲ್ಲದ್ದು ಒಳ್ಳೆಯದು. ಒಮ್ಮೆಗೇ ನುಗ್ಗಿ ಆಮೇಲೆ ಸುಮ್ಮನಾಗೋದಕ್ಕೆ ದಪ್ಪ ಪೋರ್ಟ್ ಒಳ್ಳೆಯದು.

ಇನ್ನೊಂದು ನ್ಯಾಯ. ಮೀಟರ್ ಇದ್ದಲ್ಲಿ ಯಾವಾಗ ಎಷ್ಟು ಬಿಲ್ ಬರುತ್ತೋ ಅನ್ನೋ ಭಯ ಸುಳ್ಳಲ್ಲ. ಯಾರೋ ಬೇಕಂತಲೇ ನಮ್ಮ ಸರ್ವರ್‌ನಿಂದ ಫೈಲ್‌ಗಳನ್ನ ಸಾವಿರ ಸಲ ಇಳಿಸಿಕೊಂಡರೆ ಮಿತಿ ದಾಟಬಹುದು. ವಿದ್ಯಾರ್ಥಿಗಳ ಕೈಯಲ್ಲಿ, ಸಣ್ಣ ಟ್ಯೂಷನ್ ಮೇಷ್ಟ್ರ ಕೈಯಲ್ಲಿ ಹೆಚ್ಚುವರಿ ಬಿಲ್ ಕಟ್ಟೋ ಶಕ್ತಿ ಇಲ್ಲ. ಅದಕ್ಕೆ ಮೀಟರ್ ಪ್ಲಾನ್ ತಗೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಮಿತಿ ದಾಟಿದರೆ ಬಿಲ್ ಹಾಕ್ತೀರಾ, ವೇಗ ತಗ್ಗಿಸ್ತೀರಾ, ನಿಲ್ಲಿಸ್ತೀರಾ? ನಮ್ಮಂಥವರಿಗೆ ಎರಡನೆಯ ಉತ್ತರ ಕೊಡೋರೇ ಒಳ್ಳೆಯವರು. ಮೊಬೈಲ್‌ನಲ್ಲಿ ದಿನದ 1.5 ಜಿಬಿ ಮುಗಿದ ಮೇಲೆ 64 ಕೆಬಿಪಿಎಸ್‌ಗೆ ಇಳಿಯುತ್ತಲ್ಲ, ಕನಿಷ್ಠ ಬಿಲ್ ಬರೋಲ್ಲ, ಹಾಗೆ.

ಅದೇ ಮೊಬೈಲ್ ಪ್ಯಾಕ್‌ಗೆ "ಅನ್‌ಲಿಮಿಟೆಡ್" ಅಂತ ಹೆಸರಿರೋದನ್ನ ಗಮನಿಸಿ. ಸರ್ಕಾರವೇ 2023ರಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇರಬೇಕು ಅಂತ ಹೊಸ ವ್ಯಾಖ್ಯೆ ಮಾಡಿತು. 64 ಕೆಬಿಪಿಎಸ್ ಅದರ ಮೂವತ್ತನೇ ಒಂದು ಭಾಗ. ಅಂದ್ರೆ ಇಂಟರ್ನೆಟ್ ಮಾರೋರ ಬಾಯಲ್ಲಿ "ಇಲ್ಲ" ಅನ್ನೋ ಪದ ಬಂದಾಗ, ಯಾವುದು ಇಲ್ಲ ಅಂತ ತಿರುಗಿ ಕೇಳಬೇಕು. ಬಿಲ್ ಇಲ್ಲವಾ? ಮಿತಿ ಇಲ್ಲವಾ? ವೇಗವೇ ಇಲ್ಲವಾ?

ಪೋರ್ಟ್ ದಪ್ಪ ಇದ್ದರೂ ಸಾಲದು, ಅದು ಯಾರ ಜೊತೆ ಹಂಚಿಕೊಂಡದ್ದು ಅಂತ ಗೊತ್ತಿರಬೇಕು. ಸರ್ವರ್ ನಮ್ಮೊಬ್ಬರದೇ ಆದರೂ ಅದರಿಂದ ಹೊರಗೆ ಹೋಗೋ ದಾರಿ ನಮ್ಮೊಬ್ಬರದೇ ಆಗಿರಬೇಕಿಲ್ಲ. ಹಾರಂಗಿ ನಾಲೆ ಪಿರಿಯಾಪಟ್ಟಣ, ಹುಣಸೂರಿನ ಕಡೆಗೂ ಬರುತ್ತೆ. ನಾಲೆ ನೀರಿಗೆ ಕರ ಕಟ್ಟೋದು ಎಕರೆ ಲೆಕ್ಕದಲ್ಲಿ, ಲೀಟರ್ ಲೆಕ್ಕದಲ್ಲಿ ಅಲ್ಲ. ಅಂದ್ರೆ ಅದೂ ಅನ್‌ಮೀಟರ್ಡ್. ಮೇಲಿನವರೆಲ್ಲ ಒಟ್ಟಿಗೆ ತೂಬು ತೆಗೆದರೆ ನಾಲೆಯ ಕೊನೆಯವರಿಗೆ ಏನು ಬರುತ್ತೆ ಅಂತ ಯಾವುದೇ ಕೊನೆ ಭಾಗದ ರೈತನನ್ನ ಕೇಳಿ. ಡೇಟಾ ಸೆಂಟರ್‌ನಲ್ಲೂ ಒಂದೇ ರ‍್ಯಾಕ್‌ನ ಇಪ್ಪತ್ತು ಸರ್ವರ್‌ಗೆ ತಲಾ 1 ಜಿಬಿಪಿಎಸ್ ಅಂತ ಮಾರಿ, ಹೊರಗಿನ ದಾರಿ ಬರೀ 10 ಜಿಬಿಪಿಎಸ್ ಇಡಬಹುದು. ಎಲ್ಲರೂ ಒಟ್ಟಿಗೆ ಬಳಸೋಲ್ಲ ಅನ್ನೋ ನಂಬಿಕೆ ಮೇಲೆ ಆ ವ್ಯಾಪಾರ ನಡೆಯುತ್ತೆ. ತಪ್ಪೇನಲ್ಲ, ಕೆಎಸ್‌ಆರ್‌ಟಿಸಿಯ ಪಾಸ್ ಕೂಡ ಅದೇ ನಂಬಿಕೆ ಮೇಲೆ ನಡೆಯೋದು. ಆದರೆ ಹಬ್ಬದ ದಿನ ಪಾಸ್ ಇದ್ದವನಿಗೂ ಸೀಟು ಸಿಗೋಲ್ಲ.

ಹಬ್ಬದ ದಿನ ಅಂದಾಗ ನೆನಪಾಯ್ತು. 2023ರ ಜೂನ್ 18ರಂದು ಸೇವಾ ಸಿಂಧು ಪೋರ್ಟಲ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಯ್ತು. ಮೊದಲ ದಿನಗಳಲ್ಲಿ ಸರ್ವರ್ ಸಿಗದೆ ರಾಜ್ಯದ ತುಂಬಾ ಜನ ಕಾದದ್ದು ಪೇಪರ್‌ನಲ್ಲೆಲ್ಲ ಬಂತು. ಅದಕ್ಕೆ ಎರಡು ವರ್ಷ ಮುಂಚೆ, 2021ರ ಏಪ್ರಿಲ್ 28ರಂದು 18 ದಾಟಿದವರಿಗೆ ಕೋವಿನ್ ನೋಂದಣಿ ತೆರೆದಾಗಲೂ ಹಾಗೇ ಆಗಿತ್ತು. ಇಂಥ ಕಡೆ ಮೂರು ಬಾಗಿಲು ಇರುತ್ತೆ: ಡೇಟಾ ಹರಿಯೋ ಪೋರ್ಟ್, ಲೆಕ್ಕ ಮಾಡೋ ಪ್ರೊಸೆಸರ್, ಮಾಹಿತಿ ಬರೆದಿಡೋ ಡೇಟಾಬೇಸ್. ಯಾವ ಬಾಗಿಲು ಕಿರಿದಾಗಿದೆಯೋ ಅಲ್ಲೇ ಜನ ನಿಲ್ಲೋದು. ಒಂದು ಅರ್ಜಿಯ ಪುಟ ವೀಡಿಯೊದ ಮುಂದೆ ಬಹಳ ಹಗುರ, ಹಾಗಾಗಿ ಅರ್ಜಿ ಸ್ವೀಕರಿಸೋ ಸೈಟ್‌ಗೆ ಡೇಟಾಬೇಸ್ ಬಾಗಿಲನ್ನ ಮೊದಲು ನೋಡಬೇಕು. ವೀಡಿಯೊ ಸೈಟ್‌ಗೆ ಪೋರ್ಟ್ ಬಾಗಿಲನ್ನ. ಅನ್‌ಮೀಟರ್ಡ್ ಅನ್ನೋ ಪದ ಈ ಮೂರರಲ್ಲಿ ಒಂದು ಬಾಗಿಲನ್ನೂ ಅಗಲ ಮಾಡೋಲ್ಲ. ಆದರೂ ಎಲ್ಲ ಕಡೆ ಪಾಠ ಒಂದೇ: ತಿಂಗಳ ಸರಾಸರಿ ಯಾರನ್ನೂ ಕಾಪಾಡೋಲ್ಲ. ಸಾಲಲ್ಲಿ ನಿಂತವನಿಗೆ ಸರಾಸರಿ ಅಂತ ಒಂದು ಇರೋದೇ ಇಲ್ಲ.

ಅಣ್ಣನ ಕಥೆ ಮುಗಿಸ್ತೀನಿ. ವರ್ಷದ ಹಣ ವಾಪಸ್ ಬರಲಿಲ್ಲ. ಬೇರೆ ಸರ್ವರ್‌ಗೆ ದುಡ್ಡಿರಲಿಲ್ಲ. ಪೈಪು ದಪ್ಪ ಮಾಡೋಕೆ ಆಗದಿದ್ದಾಗ ನಮ್ಮ ಕಡೆ ಏನ್ ಮಾಡ್ತಾರೆ? ಹನಿ ನೀರಾವರಿ. ನಾನು ಒಂದು ಭಾನುವಾರ ಹುಣಸೂರಿಗೆ ಹೋಗಿ ಎಲ್ಲ ವೀಡಿಯೊಗಳನ್ನ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ 300 ಕೆಬಿಪಿಎಸ್‌ಗೆ ಇಳಿಸೋಕೆ ಹಾಕಿದೆ. ಕರಿಹಲಗೆ ಪಾಠದಲ್ಲಿ ಚಿತ್ರ ಹೆಚ್ಚು ಅಲ್ಲಾಡೋಲ್ಲ, ಅಕ್ಷರ ಕಾಣಿಸಿದರೆ, ದನಿ ಸ್ಪಷ್ಟ ಇದ್ದರೆ ಸಾಕು. 250 ಮಕ್ಕಳಿಗೆ ತಲಾ 0.3, ಒಟ್ಟು 75 ಎಂಬಿಪಿಎಸ್. 100ರೊಳಗೆ ಬಂತು. ಜೊತೆಗೆ ಹಗಲಲ್ಲೇ ಇಳಿಸಿಟ್ಟುಕೊಳ್ಳೋಕೆ ಒಂದು ಬಟನ್ ಇಟ್ಟೆವು. ಅಷ್ಟೇ ಅಲ್ಲ, 300 ಎಂಬಿ ಆಗ್ತಿದ್ದ ಪಾಠ 90 ಎಂಬಿ ಆಯ್ತು. ಎಚ್.ಡಿ. ಕೋಟೆ ಕಾಡಂಚಿನಲ್ಲಿ ಸಿಗ್ನಲ್‌ಗೆ ಮನೆ ಹೊರಗೆ ಬಂದು ನಿಲ್ಲೋ ಹುಡುಗನಿಗೆ ಇದು ಸರ್ವರ್‌ಗಿಂತ ದೊಡ್ಡ ಸಹಾಯ. ಪಿರಿಯಾಪಟ್ಟಣದ ಆ ಹುಡುಗಿ ಮತ್ತೆ ಫೋನ್ ಮಾಡಿ, "ಈಗ ಓಡ್ತೈತೆ ಸಾರ್" ಅಂದಳಂತೆ. ಆದರೆ ಆಗಲೇ ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು.

ಒಂಬತ್ತು ದಿನ. ಆ ಮಕ್ಕಳಿಗೆ ಅದಕ್ಕೆ ಮುಂಚಿನ ಮೂರು ವಾರ ಹೋಯ್ತಲ್ಲ, ಅದನ್ನ ಯಾವ ಮೀಟರ್ ಎಣಿಸುತ್ತೆ?

ಈಗ ನಮ್ಮ ಬಳಗದ ವಿಷಯ. ನಮ್ಮ ಹತ್ತಿರ ಇರೋದು ಧ್ವನಿ ಮುದ್ರಣ. ಒಂದೊಂದು ಐದು ನಿಮಿಷ, ಹತ್ತು ನಿಮಿಷ. ಮಾತಿಗೆ 64 ಕೆಬಿಪಿಎಸ್ ಸಾಕು ಅಂದ್ರೂ, ನೂರು ಜನ ಒಟ್ಟಿಗೆ ಕೇಳಿದರೆ 6.4 ಎಂಬಿಪಿಎಸ್. ರಾಜ್ಯೋತ್ಸವದ ದಿನ ಇಡೀ ಕಾಲೇಜೇ ಬಂದರೂ, ಸಾವಿರ ಜನ, 64 ಎಂಬಿಪಿಎಸ್. ಇದಕ್ಕೆ ಇಡೀ ಒಂದು ಕಂಪ್ಯೂಟರ್ ಬಾಡಿಗೆಗೆ ಬೇಕಾ? ಬೇಡ ಅಂತ ನನ್ನ ಅಭಿಪ್ರಾಯ. ಒಂದು ಸಣ್ಣ ವರ್ಚುವಲ್ ಸರ್ವರ್, ಪೋರ್ಟ್ ದಪ್ಪ ಇರೋದು, ತಿಂಗಳಿಗೆ ಒಂದು ಟಿಬಿ ಮೀಟರ್ ಇದ್ದರೂ ಪರವಾಗಿಲ್ಲ. ಹತ್ತು ನಿಮಿಷದ ಧ್ವನಿ 4.8 ಎಂಬಿ. ಒಂದು ಟಿಬಿಯಲ್ಲಿ ಎರಡು ಲಕ್ಷ ಸಲ ಕೇಳಬಹುದು. ನಮ್ಮ ಅಜ್ಜಿಯಂದಿರ ಹಾಡು ತಿಂಗಳಿಗೆ ಎರಡು ಲಕ್ಷ ಸಲ ಕೇಳಿಸಿದ ದಿನ ನಾನೇ ಮುಂದೆ ನಿಂತು ಚಂದಾ ಎತ್ತಿ ದೊಡ್ಡ ಸರ್ವರ್ ಕೊಡಿಸ್ತೀನಿ. ಉಳಿದ ದುಡ್ಡಲ್ಲಿ ಒಂದು ಒಳ್ಳೆ ಮೈಕ್ ತಗೊಳ್ಳೋಣ. ಅಜ್ಜಿಯ ದನಿಗಿಂತ ಫ್ಯಾನಿನ ಸದ್ದೇ ಜೋರಾಗಿರೋ ರೆಕಾರ್ಡಿಂಗ್ ನಮ್ಮ ಹತ್ತಿರ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು.

ಆದರೂ ನಾಳೆ ನೀವು ಯಾರೇ ಆಗಲಿ, ನಿಮ್ಮ ಸ್ಟಾರ್ಟಪ್‌ಗೋ, ಊರಿನ ಜಾತ್ರೆ ನೇರಪ್ರಸಾರಕ್ಕೋ, ಮಾವನ ಅಂಗಡಿಗೋ ಸರ್ವರ್ ತಗೊಳ್ಳೋಕೆ ಹೋದರೆ, ದುಡ್ಡು ಕಟ್ಟೋ ಮುಂಚೆ ಐದು ಪ್ರಶ್ನೆ ಕೇಳಿ. ಪೋರ್ಟ್ ಎಷ್ಟು ಎಂಬಿಪಿಎಸ್? ಅದು ನಮಗೊಬ್ಬರಿಗಾ, ಹಂಚಿಕೆಯದಾ? ನ್ಯಾಯಯುತ ಬಳಕೆ ಅಂತ ಸಣ್ಣ ಅಕ್ಷರದಲ್ಲಿ ಏನು ಬರೆದಿದ್ದೀರಿ, ಎಷ್ಟು ಬಳಸಿದರೆ ವೇಗ ತಗ್ಗಿಸ್ತೀರಿ? ಸರ್ವರ್ ಇರೋದು ಮುಂಬೈ, ಬೆಂಗಳೂರಿನಲ್ಲಾ, ಯುರೋಪ್‌ನಲ್ಲಾ? ಒಂದು ತಿಂಗಳಿಗೆ ಮಾತ್ರ ಕೊಡ್ತೀರಾ? ನಾಲ್ಕನೆಯದನ್ನ ಹಗುರ ಮಾಡಬೇಡಿ. ಸರ್ವರ್ ಯುರೋಪ್‌ನಲ್ಲಿದ್ದರೆ ಪ್ರತಿ ಕ್ಲಿಕ್ಕೂ ಸಮುದ್ರದಡಿಯ ಕೇಬಲ್ ಹಿಡಿದು ಸಾವಿರಾರು ಕಿಲೋಮೀಟರ್ ಹೋಗಿ ಬರಬೇಕು. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಅಂಥ ಕೇಬಲ್‌ಗಳು ತುಂಡಾದದ್ದು ನೆನಪಿರಲಿ. ಐದನೆಯದು ಅಣ್ಣನ ಪಾಠ. ಒಂದು ತಿಂಗಳು ಬಳಸಿ, ನಿಮ್ಮ ರಾತ್ರಿ ಎಂಟು ಗಂಟೆ ಹೇಗಿರುತ್ತೆ ನೋಡಿ, ಆಮೇಲೆ ವರ್ಷದ ಮಾತು.

ಕೊನೆಗೆ ಒಂದು ಮಾತು. ನಮ್ಮ ಅಣ್ಣ ದಡ್ಡರಲ್ಲ, ಎಂಎಸ್‌ಸಿ ಭೌತಶಾಸ್ತ್ರ. ಓಮ್‌ನ ನಿಯಮ ಕನ್ನಡದಲ್ಲಿ ಹೇಳಿಕೊಡೋರು. ದೊಡ್ಡಪ್ಪನಂತೂ ಮೀಟರ್ ಇಲ್ಲದ ಪಂಪ್‌ಸೆಟ್ ಜೊತೆಗೇ ಇಷ್ಟು ವರ್ಷ ಬದುಕಿದವರು. ಇಬ್ಬರಿಗೂ ಗೊತ್ತಿದ್ದ ವಿಷಯ ಇಂಗ್ಲಿಷ್ ಪದ ಹಾಕಿಕೊಂಡು ಬಂದ ಕೂಡಲೇ ಇಬ್ಬರಿಗೂ ಗುರುತು ಸಿಗಲಿಲ್ಲ. ಇಂಗ್ಲಿಷ್ ಮೀಡಿಯಂ ಓದಿದ ನನಗೂ ದೊಡ್ಡಪ್ಪನ ಬೋರ್‌ವೆಲ್ ಹತ್ತಿರ ನಿಂತಾಗಲೇ ಅದು ಪೂರ್ತಿ ಅರ್ಥ ಆದದ್ದು. ಕನ್ನಡ ಬಳಗ ಅಂದ್ರೆ ನವೆಂಬರ್‌ನಲ್ಲಿ ಬಾವುಟ ಹಾರಿಸೋದಷ್ಟೇ ಅಲ್ಲ, ಇಂಥ ಪದಗಳನ್ನ ನಮ್ಮೂರಿನ ಹೊಲದವರೆಗೂ ಕರ್ಕೊಂಡು ಹೋಗಿ ಬಿಡಿಸಿ ಹೇಳೋದೂ ನಮ್ಮ ಕೆಲಸವೇ ಅಂತ ನನಗೆ ಅನಿಸುತ್ತೆ.

ಮುಂದಿನ ಮೀಟಿಂಗ್‌ನಲ್ಲಿ ಸರ್ವರ್ ವಿಷಯ ಮತ್ತೆ ಬರುತ್ತೆ. ಆಗ ದಯವಿಟ್ಟು ಯಾರೂ "ಎಷ್ಟು ಜನ ಬಂದ್ರೂ ತೊಂದ್ರೆ ಇಲ್ಲ" ಅನ್ನಬೇಡಿ. ಎಷ್ಟು ಜನ, ಎಷ್ಟು ಗಂಟೆಗೆ ಅಂತ ಕೇಳಿ. ನಾನು ಈ ಸಲ ಕೈ ಎತ್ತಿದರೆ ಸುಮ್ಮನೆ ಕೂರಲ್ಲ.